ಹತ್ತೊಂಬತ್ತು ವಾಯಿದೆ ಆಯಿತು, ಕಾರ್ಖಾನೆ ಸಾವಿನ ಕೇಸು ಶುರುವೇ ಆಗಿಲ್ಲ: ಕುಟುಂಬ ಏನು ಮಾಡಬಹುದು?

ಓದುಗರ ಪ್ರಶ್ನೆ: ನನ್ನ ಅಣ್ಣ ಗುತ್ತಿಗೆದಾರರ ಕಡೆಯಿಂದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 2022ರ ಆಗಸ್ಟ್‌ನಲ್ಲಿ ಟ್ಯಾಂಕ್ ತೊಳೆಯಲು ಒಳಗಿಳಿದವನು ಉಸಿರುಗಟ್ಟಿ ತೀರಿಕೊಂಡ. ಅದೇ ನವೆಂಬರ್‌ನಲ್ಲಿ ಕಾರ್ಖಾನೆಗಳ ಇಲಾಖೆಯವರು ಒಬ್ಬ ನಿರ್ದೇಶಕರ ಮೇಲೂ ಮ್ಯಾನೇಜರ್ ಮೇಲೂ ಕೇಸು ಹಾಕಿದರು. ಪೊಲೀಸರ ಕೇಸು ಬೇರೆ ಇದೆ. ಇಲಾಖೆಯ ಕೇಸಿಗೆ ಹತ್ತೊಂಬತ್ತು ವಾಯಿದೆ ಆಗಿದೆ, ಒಬ್ಬ ಸಾಕ್ಷಿಯ ವಿಚಾರಣೆಯೂ ಮುಗಿದಿಲ್ಲ. ನಿರ್ದೇಶಕರು ವಿದೇಶದಲ್ಲಿದ್ದಾರೆ, ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ, ಹೈಕೋರ್ಟಿಗೆ ಹೋಗಿದ್ದೇವೆ, ಪೊಲೀಸ್ ಕೇಸು ಮೊದಲು ಮುಗಿಯಲಿ ಎಂದು ಪ್ರತಿ ಸಲ ಒಂದೊಂದು ಕಾರಣ ಹೇಳುತ್ತಾರೆ. ಮೂರು ವರ್ಷ ದಾಟಿದರೆ ಕೇಸು ತಾನಾಗಿಯೇ ಬಿದ್ದುಹೋಗುತ್ತದೆ ಎಂದು ಒಬ್ಬರು ಹೇಳಿದರೆ, ಹೊಸ ಕಾನೂನಿನಲ್ಲಿ ಎರಡೇ ವಾಯಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಕಂಪನಿಯವರು ಅತ್ತಿಗೆಗೆ ಎರಡು ಲಕ್ಷ ರೂಪಾಯಿ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ, ಉಳಿದದ್ದು ಕೇಸು ಮುಗಿದ ಮೇಲೆ ಎನ್ನುತ್ತಾರೆ. ಮುಂದೂಡುವುದನ್ನು ವಿರೋಧಿಸಲು ನಮಗೆ ಹಕ್ಕಿದೆಯೇ?

ಉತ್ತರ: ಹಕ್ಕಿದೆ. ಆದರೆ ನಿಮ್ಮ ಪತ್ರದ ಕೊನೆಯಲ್ಲಿರುವ ಪರಿಹಾರದ ವಿಷಯವನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೊಂದು ಗಡುವು ಇದೆ, ಮತ್ತು ಆ ಗಡುವು ಆಗಲೇ ದಾಟಿರುವಂತೆ ಕಾಣುತ್ತದೆ.

ಪರಿಹಾರಕ್ಕೂ ಕ್ರಿಮಿನಲ್ ಕೇಸಿಗೂ ಸಂಬಂಧವಿಲ್ಲ. ನಿಮ್ಮ ಅಣ್ಣ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಅತ್ತಿಗೆಗೂ ಮಕ್ಕಳಿಗೂ ತಿಂಗಳು ತಿಂಗಳು ಅವಲಂಬಿತರ ಭತ್ಯೆ ಬರಬೇಕು. ಇಎಸ್‌ಐ ಇರಲಿಲ್ಲವಾದರೆ 1923ರ ನೌಕರರ ಪರಿಹಾರ ಕಾಯ್ದೆ ಅನ್ವಯಿಸುತ್ತದೆ. ಅದರಡಿ ಸಾವಾದ ದಿನದಿಂದ ಎರಡು ವರ್ಷದೊಳಗೆ ನೌಕರರ ಪರಿಹಾರ ಆಯುಕ್ತರ ಮುಂದೆ ಅರ್ಜಿ ಹಾಕಬೇಕು. ತಡವಾಗಿದ್ದರೆ ಸಕಾರಣ ತೋರಿಸಿ ವಿಳಂಬ ಮನ್ನಿಸಲು ಕೇಳಬಹುದು, ಕಾಯ್ದೆಯ ಕಲಂ 10 ಅದಕ್ಕೆ ದಾರಿ ಬಿಟ್ಟಿದೆ. ‘ಕೇಸು ಮುಗಿದ ಮೇಲೆ ಕೊಡುತ್ತೇವೆ’ ಎಂದು ಕಂಪನಿಯವರೇ ಹೇಳಿ ಕಾಯಿಸಿದ್ದು ಇಲ್ಲಿ ನಿಮ್ಮ ಪರವಾದ ಕಾರಣ. ಅದಕ್ಕೆ ಸಂದೇಶವೋ ಪತ್ರವೋ ಇದ್ದರೆ ತೆಗೆದಿಡಿ. ಇನ್ನು ಆ ಸಹಿಗೆ ಹೆದರಬೇಡಿ. ಸಾವಿನ ಪ್ರಕರಣದಲ್ಲಿ ಪರಿಹಾರದ ಹಣವನ್ನು ಆಯುಕ್ತರ ಬಳಿ ಠೇವಣಿ ಇಡಬೇಕು. ಮಾಲೀಕರು ನೇರವಾಗಿ ಕೈಗೆ ಕೊಟ್ಟದ್ದು ಪರಿಹಾರ ಕೊಟ್ಟಂತೆ ಆಗುವುದಿಲ್ಲ, ಮೂರು ತಿಂಗಳ ವೇತನದವರೆಗಿನ ಮುಂಗಡಕ್ಕೆ ಮಾತ್ರ ವಿನಾಯಿತಿ. ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಂಡಿದ್ದರೂ ಕಲಂ 17ರಂತೆ ಅದು ಊರ್ಜಿತವಲ್ಲ. ಕೊಡಬೇಕಾದದ್ದು ಒಂದು ತಿಂಗಳಿಗಿಂತ ತಡವಾದರೆ ಶೇ 12 ಬಡ್ಡಿ, ತಡಕ್ಕೆ ಸಮರ್ಥನೆ ಇಲ್ಲದಿದ್ದರೆ ಶೇ 50ರವರೆಗೆ ದಂಡ. ಅಣ್ಣ ಗುತ್ತಿಗೆ ಕಾರ್ಮಿಕ ಎಂಬುದೂ ಅಡ್ಡಿಯಲ್ಲ, ಕಲಂ 12ರಡಿ ಮೂಲ ಮಾಲೀಕರೇ ಹೊಣೆ. ಈ ವಾರವೇ ಇದಕ್ಕೊಬ್ಬ ವಕೀಲರನ್ನು ನೋಡಿ.

ಈಗ ವಾಯಿದೆಗಳ ವಿಷಯ. ಹತ್ತೊಂಬತ್ತೂ ಆರೋಪಿಗಳ ಆಟವೇ ಎಂದು ನೀವು ಭಾವಿಸಿದ್ದೀರಿ. ಇರಬಹುದು, ಆದರೆ ಊಹೆಯ ಮೇಲೆ ಹೆಜ್ಜೆ ಇಡಬೇಡಿ. ಇಂಥ ಪ್ರಕರಣಗಳಲ್ಲಿ ದಿನಾಂಕ ಮುಂದೆ ಹೋಗಲು ಬೇರೆ ಬೇರೆ ಮೂಲಗಳಿರುತ್ತವೆ. ಆರೋಪಿ ಕಡೆಯವರು ಕೇಳಿ ಪಡೆದದ್ದು ಒಂದು. ಸಮನ್ಸ್ ಜಾರಿಯಾಗದೆ ‘ಸದರಿ ವಿಳಾಸದಲ್ಲಿ ಇಲ್ಲ’ ಎಂದು ವಾಪಸ್ ಬಂದದ್ದು ಇನ್ನೊಂದು. ದೂರು ಕೊಟ್ಟ ಇನ್‌ಸ್ಪೆಕ್ಟರ್ ವರ್ಗವಾಗಿ ಸಾಕ್ಷಿಗೆ ಬಾರದಿರುವುದು, ನ್ಯಾಯಾಧೀಶರು ರಜೆಯಲ್ಲಿರುವುದು, ಹುದ್ದೆ ಖಾಲಿ ಇರುವುದೂ ಇವೆ. ಒಂದೊಂದಕ್ಕೂ ಮದ್ದು ಬೇರೆ. ಆದ್ದರಿಂದ ಮೊದಲ ಕೆಲಸ, ಆರ್ಡರ್ ಶೀಟಿನ, ಅಂದರೆ ಪ್ರತಿ ದಿನಾಂಕದಂದು ನ್ಯಾಯಾಲಯ ಬರೆದ ಆದೇಶಗಳ ಹಾಳೆಯ, ದೃಢೀಕೃತ ನಕಲಿಗೆ ಅರ್ಜಿ ಹಾಕುವುದು. ನಿಮ್ಮ ಹತ್ತಿರ ಕೇಸಿಗೆ ನ್ಯಾಯಾಲಯ ಕೊಡುವ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ದಿನಾಂಕಗಳು ಸಿಗುತ್ತವೆ, ಆದರೆ ಮುಂದೂಡಿದ ಕಾರಣ ಪೂರ್ತಿ ತಿಳಿಯಲು ಆರ್ಡರ್ ಶೀಟೇ ಬೇಕು. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ದಿನಾಂಕ, ಅಂದು ಯಾವ ಹಂತ, ಯಾರು ಕೇಳಿದರು, ದಾಖಲಾದ ಕಾರಣ. ಮುಂದೆ ಯಾವ ಅರ್ಜಿ ಹಾಕಿದರೂ ಈ ಹಾಳೆಯೇ ಅದರ ಬೆನ್ನೆಲುಬು. ‘ಹತ್ತೊಂಬತ್ತು ವಾಯಿದೆ ಆಯಿತು’ ಎನ್ನುವುದಕ್ಕಿಂತ ‘ಇದರಲ್ಲಿ ಹನ್ನೊಂದು ಆರೋಪಿ ಕೋರಿಕೆಯ ಮೇಲೆ, ಅದರಲ್ಲಿ ನಾಲ್ಕು ದಿನ ಸಾಕ್ಷಿ ಹಾಜರಿದ್ದರೂ’ ಎನ್ನುವುದು ನ್ಯಾಯಾಧೀಶರಿಗೆ ತಟ್ಟುತ್ತದೆ.

ಕಾನೂನು ಏನು ಹೇಳುತ್ತದೆ? ನಿಮ್ಮ ಪ್ರಕರಣ 2022ರದ್ದು. 2024ರ ಜುಲೈ 1ಕ್ಕೆ ಮೊದಲೇ ಬಾಕಿ ಇದ್ದ ವಿಚಾರಣೆಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯಂತೆಯೇ ನಡೆಯುತ್ತವೆ. ಹಾಗಾಗಿ ‘ಎರಡೇ ವಾಯಿದೆ’ ಎಂಬುದು, ಅಂದರೆ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಬಿಎನ್‌ಎಸ್‌ಎಸ್ ಕಲಂ 346ರ ಮಿತಿ, ನಿಮ್ಮ ಕೇಸಿಗೆ ನೇರವಾಗಿ ಅನ್ವಯಿಸುವುದಿಲ್ಲ. ಹೊಸ ಕಾನೂನಿನಲ್ಲೂ ಅದು ಪಕ್ಷಕಾರರ ಕೈಮೀರಿದ ಸಂದರ್ಭಕ್ಕೆ, ಎದುರು ಪಕ್ಷದ ಆಕ್ಷೇಪ ಕೇಳಿ, ಕಾರಣ ಬರೆದು ಕೊಡುವ ವಾಯಿದೆಗೆ ಹಾಕಿದ ಮಿತಿ. ನಿಮಗೆ ಅನ್ವಯಿಸುವ ಸಿಆರ್‌ಪಿಸಿ ಕಲಂ 309 ಕೂಡ ಸಡಿಲವೇನಲ್ಲ. ಸಾಕ್ಷಿಗಳ ವಿಚಾರಣೆ ಶುರುವಾದರೆ ದಿನದಿಂದ ದಿನಕ್ಕೆ ನಡೆಯಬೇಕು. ಮುಂದೂಡಿದರೆ ಕಾರಣ ಬರೆಯಬೇಕು. ಸಾಕ್ಷಿ ಬಂದು ನಿಂತಿದ್ದರೆ ವಿಶೇಷ ಕಾರಣವಿಲ್ಲದೆ ವಾಪಸ್ ಕಳಿಸುವಂತಿಲ್ಲ. ಪಕ್ಷಕಾರರು ಕೇಳಿದರು ಎಂಬುದಕ್ಕೇ ಮುಂದೂಡುವಂತಿಲ್ಲ, ಪರಿಸ್ಥಿತಿ ಅವರ ಕೈಮೀರಿದ್ದಾಗಿರಬೇಕು. ವಕೀಲರು ಇನ್ನೊಂದು ಕೋರ್ಟಿನಲ್ಲಿದ್ದಾರೆ ಎಂಬುದು ಕಾರಣವೇ ಅಲ್ಲ ಎಂದು ಆ ಕಲಮಿನಲ್ಲೇ ಬರೆದಿದೆ. ವಾಯಿದೆ ಕೊಡುವಾಗ ಖರ್ಚು ಕಟ್ಟುವಂತೆ ಷರತ್ತು ಹಾಕಲೂ ಅವಕಾಶವಿದೆ. ಮುಖ್ಯ ವಿಚಾರಣೆ ಒಂದು ದಿನ, ಪಾಟಿ ಸವಾಲು ತಿಂಗಳುಗಟ್ಟಲೆ ಬಿಟ್ಟು ಎಂಬ ಅಭ್ಯಾಸವನ್ನು 2015ರಲ್ಲಿ ಪಂಜಾಬಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿದೆ.

ಕಾನೂನು ಇಷ್ಟು ಗಟ್ಟಿ ಇದ್ದರೂ ಹೀಗೇಕೆ ಆಗುತ್ತದೆ? ಆಕ್ಷೇಪಿಸುವವರು ಇಲ್ಲದ್ದರಿಂದ. ಕಾರ್ಖಾನೆಗಳ ಕಾಯ್ದೆಯ ಕಲಂ 105ರಂತೆ ದೂರು ಇನ್‌ಸ್ಪೆಕ್ಟರ್‌ರದ್ದು. ಸತ್ತವರ ಮನೆಯವರಿಗೆ ದಿನಾಂಕವನ್ನೂ ಯಾರೂ ತಿಳಿಸುವುದಿಲ್ಲ. ಆರೋಪಿ ಪರ ಅರ್ಜಿ ಬಂದಾಗ ‘ಆಕ್ಷೇಪಣೆ ಇಲ್ಲ’ ಎಂದುಬಿಟ್ಟರೆ ನ್ಯಾಯಾಧೀಶರ ಮುಂದೆ ಎದುರು ಮಾತೇ ಇರುವುದಿಲ್ಲ. ನಿಮ್ಮ ಹಾಜರಿಯಿಂದ ಬದಲಾಗುವುದು ಇದೇ.

ಅವರು ಹೇಳುವ ಕಾರಣಗಳನ್ನು ಒಂದೊಂದಾಗಿ ನೋಡೋಣ.

ನಿರ್ದೇಶಕರು ವಿದೇಶದಲ್ಲಿದ್ದಾರೆ ಎನ್ನುವುದು ಹಾಜರಾತಿ ವಿನಾಯಿತಿಗೆ ಕಾರಣವಾಗಬಹುದು, ವಿಚಾರಣೆ ನಿಲ್ಲಿಸಲು ಕಾರಣವಲ್ಲ. ಸಿಆರ್‌ಪಿಸಿ ಕಲಂ 205 ಮತ್ತು 317ರಡಿ ವಿನಾಯಿತಿ ಕೊಟ್ಟು ವಕೀಲರ ಸಮ್ಮುಖದಲ್ಲಿ ಸಾಕ್ಷ್ಯ ದಾಖಲಿಸಿಕೊಳ್ಳಬಹುದು. ಕಾರ್ಖಾನೆಗಳ ಕಾಯ್ದೆಯ ಕಲಂ 92ರ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷ, ಆದ್ದರಿಂದ ಇದು ಸಮನ್ಸ್ ಪ್ರಕರಣ, ಅಂದರೆ ಸರಳ ವಿಧಾನದಲ್ಲಿ ನಡೆಯುವ ಚಿಕ್ಕ ಶಿಕ್ಷೆಯ ಕೇಸು. ಇಂಥದ್ದರಲ್ಲಿ ಹಾಜರಾತಿಗೆ ವಿನಾಯಿತಿ ಕೊಟ್ಟಿದ್ದರೆ ಸಿಆರ್‌ಪಿಸಿ ಕಲಂ 313ರಂತೆ ನ್ಯಾಯಾಧೀಶರು ಆರೋಪಿಯನ್ನು ಕೇಳಿ ಪಡೆಯುವ ಹೇಳಿಕೆಯನ್ನೂ ಕೈಬಿಡಲು ಅವಕಾಶವಿದೆ. ಹಾಗಾಗಿ ನಿಮ್ಮ ಕಡೆಯಿಂದ ಹೋಗಬೇಕಾದ ಮಾತು ‘ವಿನಾಯಿತಿ ಬೇಕಾದರೆ ಕೊಡಿ, ದಿನಾಂಕ ಮಾತ್ರ ಮುಂದೆ ಹಾಕಬೇಡಿ’ ಎಂಬುದು. ಅವರ ಕಾರಣ ನಿಜವಾಗಿದ್ದರೆ ಇದನ್ನು ಅವರು ಒಪ್ಪಲೇಬೇಕು. ಆ ಮಧ್ಯೆ ರಾಜೀನಾಮೆ ಕೊಟ್ಟಿದ್ದೇನೆ ಎಂದರೂ ಹೊಣೆ ಹೋಗದು. ಅಪಘಾತದ ದಿನ ಆಕ್ಯುಪೈಯರ್ (ಕಾರ್ಖಾನೆಯ ಮೇಲೆ ಅಂತಿಮ ನಿಯಂತ್ರಣ ಇರುವವರು) ಯಾರಾಗಿದ್ದರು ಎಂಬುದೇ ಲೆಕ್ಕ.

ಹೈಕೋರ್ಟಿಗೆ ಹೋಗಿದ್ದೇವೆ ಎನ್ನುವ ಮಾತಿನಲ್ಲಿ ಜನ ಹೆಚ್ಚಾಗಿ ಮೋಸಹೋಗುತ್ತಾರೆ. ಕೇಸು ರದ್ದು ಕೋರಿ ಅರ್ಜಿ ಹಾಕಿರುವುದು ಬೇರೆ, ತಡೆಯಾಜ್ಞೆ ಸಿಕ್ಕಿರುವುದು ಬೇರೆ. ಮಧ್ಯಂತರ ಆದೇಶ ಇಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಕಾಯಬೇಕಾಗಿಲ್ಲ. ಅರ್ಜಿಯ ಸಂಖ್ಯೆ ಕೇಳಿ ಪಡೆದು ಹೈಕೋರ್ಟಿನ ಜಾಲತಾಣದಲ್ಲಿ ಆದೇಶ ನೋಡಿ, ಇಲ್ಲವಾದರೆ ‘ತಡೆಯಾಜ್ಞೆಯ ಪ್ರತಿ ಹಾಜರುಪಡಿಸಲಿ’ ಎಂದು ಅಭಿಯೋಜಕರ (ಕೇಸು ನಡೆಸುವ ಸರ್ಕಾರಿ ವಕೀಲರ) ಮೂಲಕ ಕೇಳಿಸಿ. ನಿಜಕ್ಕೂ ತಡೆಯಾಜ್ಞೆ ಇದ್ದರೆ ಆರು ತಿಂಗಳಿಗೆ ಅದು ತಾನಾಗಿ ಬೀಳುತ್ತದೆ ಎಂದು ಕಾಯಬೇಡಿ. 2018ರ ತೀರ್ಪಿನಿಂದ ಹಾಗಿತ್ತು. 2024ರ ಫೆಬ್ರುವರಿ 29ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿದೆ. ತಡೆ ತೆರವಿಗೆ ಹೈಕೋರ್ಟಿನಲ್ಲೇ ಅರ್ಜಿ ಹಾಕಬೇಕು. ಸಂತ್ರಸ್ತರಿಗೆ ಪ್ರತಿ ಹಂತದಲ್ಲೂ ತಮ್ಮ ಮಾತು ಹೇಳುವ ಹಕ್ಕಿದೆ ಎಂದು ಲಖಿಂಪುರ ಖೇರಿ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅಲ್ಲಿ ಆಧಾರವಾಗಿ ಬಳಸಬಹುದು.

ಪೊಲೀಸ್ ಕೇಸು ಮೊದಲು ಮುಗಿಯಲಿ ಎಂಬ ಕೋರಿಕೆಯಲ್ಲಿ ಸ್ವಲ್ಪ ಸತ್ವವಿದೆ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ಪೊಲೀಸರ ಕೇಸು ಐಪಿಸಿ 304ಎ, ನಿರ್ಲಕ್ಷ್ಯದಿಂದ ಸಾವು. ಅಲ್ಲಿ ಈ ವ್ಯಕ್ತಿಯ ನಿರ್ಲಕ್ಷ್ಯವೇ ಸಾವಿಗೆ ನೇರ ಕಾರಣ ಎಂದು ಸಾಬೀತಾಗಬೇಕು. ಇಲಾಖೆಯ ಕೇಸಿನಲ್ಲಿ ಕೇಳುವ ಪ್ರಶ್ನೆ ಬೇರೆ. ಟ್ಯಾಂಕಿನಂಥ ಇಕ್ಕಟ್ಟಿನ ಜಾಗಕ್ಕೆ ಆಳನ್ನು ಇಳಿಸುವ ಮುನ್ನ ಒಳಗೆ ಅಪಾಯಕಾರಿ ಅನಿಲ ಇಲ್ಲವೆಂದು ಪರೀಕ್ಷಿಸಿ ಸಮರ್ಥ ವ್ಯಕ್ತಿ ಲಿಖಿತ ಪ್ರಮಾಣಪತ್ರ ಕೊಟ್ಟಿದ್ದರೇ, ಅದಿಲ್ಲದಿದ್ದರೆ ಉಸಿರಾಟದ ಉಪಕರಣವೂ ಸೊಂಟಕ್ಕೆ ಬೆಲ್ಟೂ ಇತ್ತೇ, ಬೆಲ್ಟಿನ ಹಗ್ಗದ ಇನ್ನೊಂದು ತುದಿ ಹಿಡಿದು ಹೊರಗೆ ಒಬ್ಬರು ನಿಂತಿದ್ದರೇ? ಇದು ಕಾರ್ಖಾನೆಗಳ ಕಾಯ್ದೆಯ ಕಲಂ 36. ಇವು ಇರಲಿಲ್ಲ ಎಂದಾದರೆ ಉಲ್ಲಂಘನೆ ಅಲ್ಲಿಗೇ ಸ್ಥಾಪಿತವಾಗುತ್ತದೆ. ಅಪರಾಧದ ಘಟಕಗಳು ಬೇರೆಯಾದ್ದರಿಂದ ಎರಡೂ ಕೇಸು ಏಕಕಾಲಕ್ಕೆ ನಡೆಯಬಹುದು. ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆ ಇಲ್ಲ ಎಂಬ ಸಂವಿಧಾನದ ವಿಧಿ 20(2) ಇದನ್ನು ತಾನಾಗಿಯೇ ತಡೆಯುವುದಿಲ್ಲ.

ಆರೋಪಿ ಪರ ವಕೀಲರ ನಿಜವಾದ ಆತಂಕ ಇರುವುದು ಬೇರೆ ಕಡೆ. ಇಲಾಖೆಯ ಕೇಸಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದನ್ನು 304ಎ ಕೇಸಿನಲ್ಲಿ ತಮ್ಮ ವಿರುದ್ಧ ಬಳಸಿಯಾರು, ಇಲ್ಲಿ ವಾದ ಬಿಚ್ಚಿಟ್ಟರೆ ಅಲ್ಲಿ ಅದು ಎದುರಾಳಿಗೆ ಗೊತ್ತಾದೀತು ಎಂಬುದು. ಕೋಲಾರದ ಭಾರತ್ ಗೋಲ್ಡ್ ಮೈನ್ಸ್ ಪ್ರಕರಣದ 1999ರ ತೀರ್ಪನ್ನು ಇದಕ್ಕೆ ಉದಾಹರಿಸುವುದುಂಟು. ಆ ತೀರ್ಪು ಕ್ರಿಮಿನಲ್ ಕೇಸು ಮತ್ತು ಇಲಾಖಾ ಶಿಸ್ತು ವಿಚಾರಣೆಯ ನಡುವಿನ ಪ್ರಶ್ನೆಯದು, ಎರಡು ಕ್ರಿಮಿನಲ್ ಕೇಸುಗಳದ್ದಲ್ಲ. ಅವರ ಆತಂಕಕ್ಕೂ ನಿಮ್ಮ ತೊಂದರೆಗೂ ಹೊಂದುವ ದಾರಿ ಎಂದರೆ, ಎರಡೂ ಒಂದೇ ನ್ಯಾಯಾಲಯದಲ್ಲಿದ್ದರೆ ಒಂದೇ ದಿನಾಂಕಕ್ಕೆ ಇಡುವಂತೆ ಕೇಳುವುದು. ಸಾಕ್ಷಿಗಳು ಎರಡೆರಡು ಸಲ ಅಲೆಯುವುದು ತಪ್ಪುತ್ತದೆ. ಒಂದು ನಿಂತರೆ ಎರಡೂ ನಿಲ್ಲುವ ಅಪಾಯವಂತೂ ಇದೆ, ಹಾಗಾಗಿ ಪೊಲೀಸ್ ಕೇಸು ಯಾವ ಹಂತದಲ್ಲಿದೆ ಎಂದು ತಿಳಿದುಕೊಂಡೇ ಇದನ್ನು ಕೇಳಿ.

ಮೂರು ವರ್ಷದ ಮಾತು ಹುಟ್ಟಿದ್ದು ಸಿಆರ್‌ಪಿಸಿ ಕಲಂ 468ರಿಂದ. ಒಂದರಿಂದ ಮೂರು ವರ್ಷ ಶಿಕ್ಷೆಯ ಅಪರಾಧಗಳಿಗೆ ಅಲ್ಲಿ ಮೂರು ವರ್ಷದ ಕಾಲಮಿತಿ ಇದೆ, ಆದರೆ ಅದು ಕೇಸು ಹಾಕುವುದಕ್ಕೆ, ಮುಗಿಸುವುದಕ್ಕಲ್ಲ. ಕಾರ್ಖಾನೆಗಳ ಕಾಯ್ದೆಯಲ್ಲಂತೂ ಇನ್‌ಸ್ಪೆಕ್ಟರ್ ಗಮನಕ್ಕೆ ಬಂದ ಮೂರು ತಿಂಗಳೊಳಗೆ ದೂರು ದಾಖಲಾಗಬೇಕು. ನಿಮ್ಮಲ್ಲಿ ಆಗಸ್ಟ್‌ನ ಅಪಘಾತಕ್ಕೆ ನವೆಂಬರ್‌ನಲ್ಲಿ ದೂರು ಎಂದಿದ್ದೀರಿ. ನಿಖರ ದಿನಾಂಕಗಳನ್ನು ಒಮ್ಮೆ ತಾಳೆ ನೋಡಿ, ಆರೋಪಿಗಳು ಹಿಡಿಯಬಹುದಾದ ಎಳೆ ಅದೊಂದು. ವಿಚಾರಣೆ ಇಂತಿಷ್ಟು ವರ್ಷದಲ್ಲಿ ಮುಗಿಯದಿದ್ದರೆ ಕೇಸು ವಜಾ ಎಂಬ ಗಡುವು ಹಾಕಲಾಗದು ಎಂದು 2002ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ. ತ್ವರಿತ ವಿಚಾರಣೆ ಆರೋಪಿಯ ಹಕ್ಕೂ ಹೌದು, ಆದರೆ ತಾವೇ ಕೇಳಿ ಪಡೆದ ವಾಯಿದೆಗಳನ್ನು ತೋರಿಸಿ ತಡವಾಯಿತು ಎನ್ನಲು ಬಾರದು. ನಿಮ್ಮ ನಾಲ್ಕು ಕಾಲಂ ಹಾಳೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಕೇಸು ಬೀಳುವುದಿಲ್ಲ ಎಂದ ಮಾತ್ರಕ್ಕೆ ತಡದಿಂದ ನಷ್ಟವಿಲ್ಲ ಎಂದುಕೊಳ್ಳಬೇಡಿ. ಗುತ್ತಿಗೆ ಕಾರ್ಮಿಕರು ಚದುರಿಹೋಗುತ್ತಾರೆ, ಟ್ಯಾಂಕ್ ಬದಲಾಗುತ್ತದೆ, ಹಗ್ಗ ಇತ್ತೋ ಇಲ್ಲವೋ ಎಂಬ ನೆನಪು ಮಸುಕಾಗುತ್ತದೆ. ಸಾಕ್ಷಿ ಕಟ್ಟೆಯಲ್ಲಿ ನಿಂತು ‘ಸರಿಯಾಗಿ ನೆನಪಿಲ್ಲ’ ಎಂದರೆ ಕೇಸು ಕುಸಿಯಲು ಅಷ್ಟೇ ಸಾಕು.

ನಿಮ್ಮ ಮುಂದಿರುವ ದಾರಿಗಳು

ಮೊದಲನೆಯದು, ಖರ್ಚಿಲ್ಲದ್ದು: ಇಲಾಖೆಗೂ ಕೇಸು ನಡೆಸುವ ಅಭಿಯೋಜಕರಿಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರಲ್ಲಿ ವಾಯಿದೆಗಳ ಹಾಳೆ, ಜೊತೆಗೆ ಅಂದು ಸ್ಥಳದಲ್ಲಿದ್ದ ಸಹೋದ್ಯೋಗಿಗಳ ಈಗಿನ ವಿಳಾಸ ಮತ್ತು ಫೋನ್ ನಂಬರ್ ಇರಲಿ. ಸಮನ್ಸ್ ಜಾರಿಯಾಗದೆ ಹೋದ ವಾಯಿದೆಗಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಆ ಸಾಕ್ಷಿಗಳಿಗೆ ನೀವು ಹಣ ಕೊಡುವುದು, ಹೀಗೆ ಹೇಳು ಎಂದು ಹೇಳಿಕೊಡುವುದು ಮಾತ್ರ ಖಂಡಿತ ಬೇಡ. ಪಾಟಿ ಸವಾಲಿನಲ್ಲಿ ಅದು ಹೊರಬಂದರೆ ಇಡೀ ಸಾಕ್ಷ್ಯ ಹಾಳು. ದೂರು ಕೊಟ್ಟ ಇನ್‌ಸ್ಪೆಕ್ಟರ್ ವರ್ಗವಾಗಿದ್ದರೆ ಅವರ ಈಗಿನ ಕಚೇರಿಗೆ ಸಮನ್ಸ್ ಕಳಿಸುವಂತೆ ಕೇಳಿ. ದೂರುದಾರರು ದಿನಾಂಕಕ್ಕೆ ಬಾರದಿದ್ದರೆ ಸಿಆರ್‌ಪಿಸಿ ಕಲಂ 256ರಡಿ ಆರೋಪಿಗಳ ಖುಲಾಸೆ ಆಗಬಹುದು, ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಎರಡನೆಯದು, ನಿಮ್ಮದೇ ವಕೀಲರನ್ನು ಇಡುವುದು. ಅಭಿಯೋಜನೆಗೆ ನೆರವಾಗಲು ಸಂತ್ರಸ್ತರ ವಕೀಲರಿಗೆ ಸಿಆರ್‌ಪಿಸಿ ಕಲಂ 24(8)ರಡಿ ನ್ಯಾಯಾಲಯ ಅನುಮತಿ ಕೊಡಬಹುದು. ಮಿತಿಯೂ ಇದೆ: 2019ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅವರು ಸ್ವತಂತ್ರವಾಗಿ ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ, ಮೌಖಿಕ ವಾದ ಮಂಡಿಸುವಂತಿಲ್ಲ, ಅಭಿಯೋಜಕರ ಮೂಲಕವೇ ಹೋಗಬೇಕು. ಅಭಿಯೋಜಕರೊಂದಿಗೆ ಜಗಳವಾಡಿಕೊಂಡರೆ ಈ ದಾರಿಯೇ ಮುಚ್ಚಿದಂತೆ.

ಆಕ್ಷೇಪಣೆ ಹಾಕುವಾಗ ಒಂದು ಎಚ್ಚರ. ಎಲ್ಲ ಅರ್ಜಿಯನ್ನೂ ವಿರೋಧಿಸಬೇಡಿ. ಆರೋಪಿ ಆಸ್ಪತ್ರೆಯಲ್ಲಿದ್ದರೆ, ದಾಖಲೆಗಳ ಪ್ರತಿ ಸಿಕ್ಕಿಲ್ಲವಾದರೆ, ನಿಜವಾದ ತಪ್ಪಿತಸ್ಥರು ಬೇರೆಯವರು ಎಂದು ಕಾರ್ಖಾನೆಗಳ ಕಾಯ್ದೆಯ ಕಲಂ 101ರಡಿ ನೋಟಿಸ್ ಕೊಟ್ಟು ಅವರನ್ನು ಕರೆಸಬೇಕಿದ್ದರೆ ಸಮಯ ಕೊಡುವುದೇ ಸರಿ. ಪಾಟಿ ಸವಾಲಿಗೆ ಅವಕಾಶ ಕೊಡದೆ ಶಿಕ್ಷೆಯಾದರೆ ಮೇಲ್ಮನವಿಯಲ್ಲಿ ಪ್ರಕರಣ ಮತ್ತೆ ಮೊದಲಿಗೆ ಬಂದು ನಿಲ್ಲಬಹುದು, ಆಗ ಕಳೆದುಕೊಳ್ಳುವ ವರ್ಷಗಳು ಇನ್ನೂ ಹೆಚ್ಚು. ಅದಕ್ಕಿಂತ ಷರತ್ತು ಕೇಳುವುದು ಫಲ ಕೊಡುತ್ತದೆ: ಬಂದ ಸಾಕ್ಷಿಯ ಮುಖ್ಯ ವಿಚಾರಣೆ ಇಂದೇ ಆಗಲಿ, ಅವರ ಓಡಾಟದ ಖರ್ಚನ್ನು ಕೇಳಿದವರು ಕಟ್ಟಲಿ, ಮುಂದಿನ ದಿನಾಂಕ ವಾರದೊಳಗೆ ಇರಲಿ, ಇದೇ ಕೊನೆಯ ಅವಕಾಶ ಎಂದು ಆದೇಶದಲ್ಲಿ ಬರೆಯಲಿ.

ಕೇಸನ್ನು ಬೇಗ ಮುಗಿಸಲು ನಿರ್ದೇಶನ ಕೋರಿ ಹೈಕೋರ್ಟಿಗೆ ಹೋಗುವುದನ್ನು ಕೊನೆಗೆ ಇಟ್ಟುಕೊಳ್ಳಿ. ಕೆಳಗಿನ ನ್ಯಾಯಾಲಯಗಳಿಗೆ ಗಡುವು ಹಾಕುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ ಎಂದು ಮೇಲೆ ಹೇಳಿದ 2024ರ ತೀರ್ಪೇ ಹೇಳಿದೆ. ಕೆಳಗೆ ಲಿಖಿತ ಆಕ್ಷೇಪಣೆ ಹಾಕಿಯೂ ಪ್ರಯೋಜನವಾಗಿಲ್ಲ ಎಂದು ತೋರಿಸಿದರೆ ಮಾತ್ರ ಅಲ್ಲಿ ನಿಮ್ಮ ಮಾತಿಗೆ ತೂಕ.

ಕೊನೆಗೆ ಏನು ಸಿಗಬಹುದು ಎಂಬುದನ್ನೂ ಈಗಲೇ ಹೇಳುವುದು ಒಳ್ಳೆಯದು, ಆ ದಿನ ನಿಮಗೆ ಆಘಾತವಾಗಬಾರದು. ಸುರಕ್ಷತಾ ನಿಯಮದ ಉಲ್ಲಂಘನೆಯಿಂದ ಸಾವಾದರೆ ಕಲಂ 92ರಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ 25,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ಆರೋಪಿಗಳು ತಪ್ಪೊಪ್ಪಿಕೊಂಡರೆ ಒಂದೇ ದಿನದಲ್ಲಿ, ಬರೀ ದಂಡದಲ್ಲಿ ಮುಗಿಯಲೂಬಹುದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸಾವಿಗೆ ಕನಿಷ್ಠ ದಂಡ ಐದು ಲಕ್ಷ, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಕುಟುಂಬಕ್ಕೆ ಕೊಡಿಸಲು ಅವಕಾಶವಿದೆ. ಆದರೆ 2022ರ ಅಪಘಾತಕ್ಕೆ ಅದು ಅನ್ವಯಿಸದು. ನಿಮ್ಮ ಕೇಸಿನಲ್ಲಿ ದಂಡದ ಹಣದಿಂದ ಪರಿಹಾರ ಕೊಡಿಸಲು ಸಿಆರ್‌ಪಿಸಿ ಕಲಂ 357ರಡಿ ಕೇಳಬೇಕು. ಕೇಳುವವರು ಅಂದು ನ್ಯಾಯಾಲಯದಲ್ಲಿ ಇರಬೇಕು, ಇಲ್ಲದಿದ್ದರೆ ಆ ಹಣ ಸರ್ಕಾರಕ್ಕೆ ಹೋಗುತ್ತದೆ.

ವಕೀಲರ ಶುಲ್ಕಕ್ಕೆ ಕೈಯಲ್ಲಿ ಹಣವಿಲ್ಲದಿದ್ದರೆ ಅತ್ತಿಗೆಯ ಹೆಸರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಸಹಾಯವಾಣಿ 15100. ಹೋಗುವಾಗ ಮರಣ ಪ್ರಮಾಣಪತ್ರ, ಮರಣೋತ್ತರ ಪರೀಕ್ಷಾ ವರದಿ, ಎಫ್‌ಐಆರ್ ಪ್ರತಿ, ಅಣ್ಣನ ವೇತನ ಚೀಟಿ ಅಥವಾ ಗೇಟ್ ಪಾಸ್, ಆ ಎರಡು ಲಕ್ಷಕ್ಕೆ ಸಹಿ ಹಾಕಿದ ಕಾಗದದ ಪ್ರತಿ ಮತ್ತು ಆರ್ಡರ್ ಶೀಟಿನ ನಕಲು ಜೊತೆಗಿರಲಿ. ಪರಿಹಾರದ ಅರ್ಜಿಗೂ ಇವೇ ದಾಖಲೆಗಳು ಬೇಕು, ಆದ್ದರಿಂದ ಎರಡೆರಡು ಪ್ರತಿ ಮಾಡಿಸಿಕೊಳ್ಳಿ.